ಹಾಕಿದವಳಿಗೂ ತೆರೆಯದ ಬೀಗ

ಜೂನ್ ೩, ಸೋಮವಾರ

ಕಂಪ್ಯೂಟರ್ ಮೇಡಂ ಹೆರಿಗೆ ರಜೆಗೆ ಹೋದರು. ಅವರ ಒಂಬತ್ತನೇ ತರಗತಿ ನನ್ನ ತಲೆಗೆ ಬಂತು. "ನೀವು ಗಣಿತದವರಲ್ವಾ, ಎರಡೂ ಒಂದೇ ತಾನೆ" ಎಂದರು ಹೆಡ್‌ಮಾಸ್ಟರು. ಅವರ ಪ್ರಕಾರ ಅಡುಗೆ ಬಲ್ಲವರಿಗೆ ಒಲೆ ರಿಪೇರಿಯೂ ಬರಬೇಕು. ಪಾಠ ಎನ್‌ಕ್ರಿಪ್ಷನ್ನಿನದು. ಮಾತಿಗೆ ಬೀಗ ಹಾಕಿ ಕಳಿಸುವುದು ಹೇಗೆ, ಅತ್ತ ಕಡೆಯವರು ತೆರೆಯುವುದು ಹೇಗೆ. ಮೊದಲ ಭಾಗದಲ್ಲಿ ಹಾಕಲಿಕ್ಕೂ ತೆರೆಯಲಿಕ್ಕೂ ಒಂದೇ ಕೀಲಿ. ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನಾನೂ ಬಟಾಣಿಯೂ ಫ್ರಾಕು ಹಾಕುವ ಕಾಲದಿಂದ ಅದನ್ನೇ ಮಾಡುತ್ತಿದ್ದೇವೆ. ಪ್ರತಿ ಅಕ್ಷರವನ್ನೂ ವರ್ಣಮಾಲೆಯಲ್ಲಿ ಇಷ್ಟು ಮನೆ ಮುಂದೆ ತಳ್ಳುವುದು, ಓದುವವರು ಅಷ್ಟೇ ಮನೆ ಹಿಂದೆ ಎಳೆಯುವುದು. ಎಷ್ಟು ಮನೆ ಎಂಬುದೇ ಕೀಲಿ.

ಮೂವತ್ತು ದಾಟಿದ ತಂಗಿಯನ್ನು ಬಟಾಣಿ ಎನ್ನುವುದನ್ನು ಇನ್ನಾದರೂ ಬಿಡಬೇಕು.

ಸಂಜೆ ಅವಳಿಗೆ ಫೋನ್ ಮಾಡಿದೆ. ದನಿ ಬಾವಿಯೊಳಗಿಂದ ಬಂದಂತಿತ್ತು, ಎಂದರೆ ಸ್ಪೀಕರ್ ಹಾಕಿದ್ದಾರೆ. ಪಕ್ಕದಲ್ಲಿ ಗಂಡ ಕೂತಿದ್ದಾನೆ. ಆಡಿಟರು. ಊರವರ ಲೆಕ್ಕ ಪರೀಕ್ಷಿಸಿ ಸಾಲದೆ ಮನೆಗೆ ಬಂದು ಹೆಂಡತಿಯ ಫೋನನ್ನೂ ದಿನಾ ಪರೀಕ್ಷಿಸುತ್ತಾನೆ. ಕೈ ಎತ್ತುವುದಿಲ್ಲ, ದನಿ ಏರಿಸುವುದಿಲ್ಲ, ನಮ್ಮ ಅಮ್ಮನ ಮಾತ್ರೆ ಮುಗಿಯುವ ದಿನ ಅಮ್ಮನಿಗಿಂತ ಅವನಿಗೇ ಚೆನ್ನಾಗಿ ನೆನಪಿರುತ್ತದೆ. ಎಲ್ಲರೂ ಬಂಗಾರದಂಥ ಮನುಷ್ಯ ಎನ್ನುತ್ತಾರೆ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗಿದ್ದ ಕೆಲಸವನ್ನು ಆ ಬಂಗಾರದ ಮನುಷ್ಯನೇ ಬಿಡಿಸಿದ್ದು. "ಸೋಂಕು ಗೀಂಕು ಮನೆಗೆ ಬರುತ್ತೆ ಅಕ್ಕ, ಅದಕ್ಕೆ" ಎಂದಿದ್ದ. ಫೋನಿನ ವಿಷಯ ಒಮ್ಮೆ ಕೇಳಿದ್ದಕ್ಕೆ ನಕ್ಕುಬಿಟ್ಟ. "ಗಂಡ ಹೆಂಡತಿ ಮಧ್ಯೆ ಗುಟ್ಟೇನು ಅಕ್ಕ?"

ನಮ್ಮ ಹಳೆಯ ಲಿಪಿಯಲ್ಲಿ ಅವಳು ಕಳಿಸುವ ಮೆಸೇಜುಗಳಲ್ಲಿ ಈಚೆಗೆ ಇರುವುದು ಒಂದೇ ಮಾತು, ಸಾಕಾಗಿದೆ. ನಾನು ತೀರ್ಮಾನ ಮಾಡಿಬಿಟ್ಟಿದ್ದೇನೆ. ಅವಳು ಇಲ್ಲಿಗೆ ಬರಬೇಕು, ಹಿಂದಿನ ಕೋಣೆಯಲ್ಲಿರಬೇಕು, ನಮ್ಮ ಸ್ಕೂಲಿನಲ್ಲೇ ಏನಾದರೂ ಕೆಲಸ ನೋಡುತ್ತೇನೆ. ಅವಳ ಬ್ಯಾಂಕಿನ ಪಾಸ್‌ವರ್ಡ್ ನನಗೆ ಕೊಡು ಎಂದು ಎರಡು ಸಲ ಕೇಳಿದೆ. ಕೊಡಲಿಲ್ಲ. ಅಕ್ಕ ತಂಗಿಯರ ನಡುವೆ ಎಂಥ ಮುಚ್ಚುಮರೆಯೋ.

ಜೂನ್ ೫, ಬುಧವಾರ

ಬೆಳಿಗ್ಗೆ ಆಡಿಟರ ನಂಬರಿನಿಂದ ಮೆಸೇಜು ಬಂತು. ನೋಡಿದರೆ ಅಕ್ಷರಗಳೆಲ್ಲ ಕಲಸುಮೇಲೋಗರ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಲಿಪಿ. ಹಿಂದೆ ಎಳೆದು ಓದಿದೆ: "ಅಕ್ಕ ಚೆನ್ನಾಗಿದ್ದೀರಾ. ಆಟ ಮಜವಾಗಿದೆ."

ತಪ್ಪು ನನ್ನದೇ. ಹೋದ ವಾರ ಅನುಮಾನ ಬಂದು ಕೀಲಿ ಬದಲಿಸೋಣ ಎಂದೆ. ಹೊಸ ಸಂಖ್ಯೆಯನ್ನು ಅವಳಿಗೆ ತಲುಪಿಸುವುದು ಹೇಗೆ? ಫೋನಿನಲ್ಲೇ ಹೇಳಿದೆ, ಅಮ್ಮನ ಚಪ್ಪಲಿ ಸೈಜು ಎಂದು. ಅವನು ಕೇಳಿಸಿಕೊಂಡ. ಅಮ್ಮನಿಗೆ ಚಪ್ಪಲಿ ಕೊಡಿಸಿದವನೇ ಅವನು, ಸೈಜು ಎಷ್ಟೆಂದು ಅವನಿಗೆ ಗೊತ್ತಿರದೆ ಇರುತ್ತದೆಯೇ. ಹೊಸ ಬೀಗ ತಂದು ಕೀಲಿಯನ್ನು ಕಳ್ಳನ ಕೈಯಲ್ಲೇ ಕೊಟ್ಟು ಕಳಿಸಿದ ಹಾಗಾಯಿತು.

ಇನ್ನೊಂದು ಸಂಖ್ಯೆ ಹೇಳೋಣವೆಂದರೆ ಯಾವ ದಾರಿಯಲ್ಲಿ ಹೇಳಲಿ? ಇರುವ ದಾರಿಗಳೆಲ್ಲ ಅವನ ಮೂಗಿನ ಕೆಳಗೇ ಹಾದುಹೋಗುತ್ತವೆ. ಇಡೀ ದಿನ ಕಾಲು ಸುಟ್ಟ ಬೆಕ್ಕಿನಂತೆ ತಿರುಗಾಡಿದೆ. ಏಳನೇ ತರಗತಿಯಲ್ಲಿ ಒಂದೇ ಲೆಕ್ಕವನ್ನು ಎರಡು ಸಲ ಮಾಡಿಸಿದೆನಂತೆ.

ಜೂನ್ ೧೦, ಸೋಮವಾರ

ಪಾಠದ ಎರಡನೇ ಭಾಗ ಇವತ್ತು. ಹಾಕಲು ಒಂದು ಕೀಲಿ, ತೆರೆಯಲು ಇನ್ನೊಂದು. ಹಾಕುವ ಕೀಲಿಯನ್ನು ಬೀದಿಯಲ್ಲಿ ಡಂಗುರ ಸಾರಬಹುದು, ತೆರೆಯುವುದು ಮಾತ್ರ ನಮ್ಮ ಹತ್ತಿರವೇ ಇರಬೇಕು. ಮಕ್ಕಳು ನಂಬಲಿಲ್ಲ. ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆದೆ, ೫೮ ಮತ್ತು ೩೬೯.

"ನಿಮ್ಮ ಗುಟ್ಟಿನ ಅಕ್ಷರ ಇಪ್ಪತ್ತನೇದು ಅಂದ್ಕೊಳ್ಳಿ. ಐವತ್ತೆಂಟರಿಂದ ಗುಣಿಸಿ, ಮುನ್ನೂರ ಅರವತ್ತೊಂಬತ್ತರಿಂದ ಭಾಗಿಸಿ. ಶೇಷ ಎಷ್ಟು?"

"ಐವತ್ಮೂರು ಮಿಸ್."

"ಇಪ್ಪತ್ತು ಅನ್ನೋದು ಈಗ ಐವತ್ಮೂರಾಗಿ ಬೀದಿಗೆ ಹೋಯ್ತು. ಯಾರು ಬೇಕಾದ್ರೂ ನೋಡ್ಲಿ. ನನ್ನ ಹತ್ರ ಮೂರನೇ ಸಂಖ್ಯೆ ಒಂದಿದೆ, ಎಪ್ಪತ್ತು. ಐವತ್ಮೂರನ್ನ ಎಪ್ಪತ್ತರಿಂದ ಗುಣಿಸಿ, ಮತ್ತೆ ಮುನ್ನೂರ ಅರವತ್ತೊಂಬತ್ತರಿಂದಲೇ ಭಾಗಿಸಿ, ಶೇಷ ನೋಡಿ."

ಇಪ್ಪತ್ತು ಬಂತು. ತರಗತಿಯೇ ಗೊಳ್ಳೆಂದಿತು. ಮುಂದಿನ ಬೆಂಚಿನ ಹುಡುಗಿ ಕೇಳಿದಳು, "ಅಂದ್ರೆ ಹಾಕಿದವರಿಗೇ ತೆಗೆಯೋಕೆ ಬರಲ್ವಾ ಮಿಸ್?" ಬರಲ್ಲ ಎಂದೆ. "ಹಾಗಾದ್ರೆ ಹಾಕಿದವರಿಗೆ ಬೇಜಾರಾಗಲ್ವಾ?" ಎಂದಳು. ಅದು ಸಿಲಬಸ್ಸಿನಲ್ಲಿಲ್ಲ ಎಂದೆ.

ಇದು ಆಟದ ಬೀಗ, ಗಣಿತ ಗಟ್ಟಿಯಿರುವವರು ಒಂದು ಸಂಜೆಯಲ್ಲಿ ಮುರಿದಾರು ಎಂದೂ ಹೇಳಿದೆ. ನಿಜವಾದದ್ದರಲ್ಲಿ ನೂರಾರು ಅಂಕಿಗಳ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿರುತ್ತಾರೆ. ಗುಣಿಸುವುದು ಸುಲಭ, ಗುಣಲಬ್ಧದಿಂದ ಹಿಂದಕ್ಕೆ ಹೋಗಿ ಆ ಎರಡನ್ನು ಹುಡುಕುವುದು ಜನ್ಮದಲ್ಲಾಗದು. ಆದರೆ ಆ ಲೆಕ್ಕ ನಿಧಾನ. ಅದಕ್ಕೇ ಕಂಪ್ಯೂಟರುಗಳು ಒಂದು ಚಿಕ್ಕ ಕೀಲಿಯನ್ನಷ್ಟೇ ಹೀಗೆ ಭದ್ರವಾಗಿ ದಾಟಿಸಿ, ಉಳಿದ ಮಾತುಕತೆಯನ್ನೆಲ್ಲ ಆ ಒಂದೇ ಕೀಲಿಯಲ್ಲಿ ಸರಸರ ಮುಗಿಸುತ್ತವೆ.

ಮನೆಗೆ ನಡೆಯುವಾಗ ದಾರಿಯಲ್ಲೇ ನಿಂತುಬಿಟ್ಟೆ. ಹಾಕುವ ಕೀಲಿಯನ್ನು ಬೀದಿಯಲ್ಲಿ ಡಂಗುರ ಸಾರಬಹುದು ಎಂದು ಮಕ್ಕಳಿಗೆ ಹೇಳಿದವಳು ನಾನೇ. ಬಟಾಣಿಯೂ ಅವನೂ ಪ್ರತಿ ಶನಿವಾರ ಲೈಬ್ರರಿಗೆ ಹೋಗುತ್ತಾರೆ. ಅವನು ಪೇಪರುಗಳ ಕೋಣೆಯಲ್ಲಿ ಕೂತರೆ ಜಪ್ಪಯ್ಯ ಅಂದರೂ ಏಳುವುದಿಲ್ಲ. ಲೈಬ್ರರಿಯ ಮುಂದಿನ ಹಾಲಿನಲ್ಲಿ ಶಾಲೆಗಳ ಪ್ರದರ್ಶನಕ್ಕೆ ಜಾಗ ಕೊಡುತ್ತಾರೆ.

ಜೂನ್ ೧೫, ಶನಿವಾರ

ಲೈಬ್ರರಿಯ ಹಾಲಿನಲ್ಲಿ ಬೋರ್ಡ್ ತೂಗುಹಾಕಿದೆವು. ಮಕ್ಕಳೇ ಬರೆದು ಬಣ್ಣ ಹಚ್ಚಿದ್ದು. "ನಮಗೊಂದು ಗುಟ್ಟು ಹೇಳಿ" ಎಂದು ಮೇಲೆ, ಅದರಡಿ ಅಕ್ಷರಗಳ ಪಟ್ಟಿ, ನಮ್ಮ ಎರಡು ಉದ್ದ ಸಂಖ್ಯೆ, ಮೂರು ಮೂರು ಅಕ್ಷರ ಕೂಡಿಸಿ ಬೀಗ ಹಾಕುವ ಕ್ರಮ. ಕೆಳಗೆ "ನಿಮ್ಮದೇ ಬೀಗ ಮಾಡಿಕೊಳ್ಳಿ" ಎಂದು ಇನ್ನೊಂದು ಭಾಗ. ಪಕ್ಕದಲ್ಲಿ ಚೀಟಿ ಹಾಕುವ ಡಬ್ಬಿ. ಬಂದ ಚೀಟಿಗಳಿಗೆಲ್ಲ ವಾರಕ್ಕೊಮ್ಮೆ ಬೋರ್ಡಿನ ಮೇಲೇ ಉತ್ತರ ಅಂಟಿಸುತ್ತೇವೆ.

ಇಬ್ಬರೂ ಬಂದರು. ನಾನು ಬಟಾಣಿಯ ಮುಖ ನೋಡದೆ ಬೋರ್ಡನ್ನು ಒರೆಸುತ್ತ ನಿಂತೆ, ಧೂಳೇ ಇರಲಿಲ್ಲ. ಆಡಿಟರು ಕನ್ನಡಕ ಏರಿಸಿ ಓದಿದ. "ಒಳ್ಳೆ ಐಡಿಯಾ ಅಕ್ಕ, ಮಕ್ಕಳಿಗೆ ಲೆಕ್ಕದ ಭಯ ಹೋಗುತ್ತೆ" ಎಂದ. ಫೋಟೋ ತೆಗೆದ. ತಾನೂ ಚೀಟಿ ಬರೆದು ಹಾಕಿದ. "ನೀನೂ ಹಾಕು" ಎಂದು ಹೆಂಡತಿಗೆ ಹೇಳಿ ಪೇಪರಿನ ಕೋಣೆಗೆ ಹೋದ. ನಾನಿದ್ದೆನೆಂದೋ ಏನೋ, ಎರಡೆರಡು ನಿಮಿಷಕ್ಕೊಮ್ಮೆ ಎದ್ದು ಬಂದು ಇಣುಕಿದ. ಅವಳು ಗೋಡೆಗೆ ಒರಗಿ ಲೆಕ್ಕ ಮಾಡಿದಳು. ಮುಗಿಸುವಾಗ ತುಟಿ ಕಚ್ಚಿಕೊಂಡು ನಗು ತಡೆದಂತಿತ್ತು. ನಗುವಂಥದ್ದು ಏನಿತ್ತೋ.

ಜೂನ್ ೧೭, ಸೋಮವಾರ

ಭೂಮಿ ಬಾಯಿಬಿಟ್ಟು ನುಂಗಬಾರದಿತ್ತೇ.

ಡಬ್ಬಿ ತಂದು ಸ್ಟಾಫ್ ರೂಮಿನಲ್ಲಿ ಒಂದೊಂದೇ ಚೀಟಿ ಬಿಡಿಸಿದೆ. ಆಡಿಟರದು: "ಅಕ್ಕನಿಗೆ ಶುಭಾಶಯ." ಆಮೇಲೆ ಬಟಾಣಿಯದು, ಏಳಕ್ಕೆ ಅಡ್ಡಗೀಟು ಹಾಕುವ ಅವಳ ಕೈಬರಹ. ಲೆಕ್ಕ ಮಾಡಿದೆ. "ಪೆದ್ದಿ, ಮೂರನೇ ಸಂಖ್ಯೆ ಅಳಿಸು."

ಲೈಬ್ರರಿಗೆ ಓಡಿದೆ. "ನಿಮ್ಮದೇ ಬೀಗ ಮಾಡಿಕೊಳ್ಳಿ" ಎಂಬ ಭಾಗದಲ್ಲಿ ಮಕ್ಕಳು ಉದಾಹರಣೆಗೆಂದು ನಮ್ಮ ಬೀಗವನ್ನೇ ತೆಗೆದುಕೊಂಡು, ಅದು ಹುಟ್ಟಿದ್ದು ಹೇಗೆ ಎಂದು ಹಂತ ಹಂತವಾಗಿ ಮಾಡಿ ತೋರಿಸಿದ್ದರು. ಕೊನೆಯ ಸಾಲಿನಲ್ಲಿ ತೆರೆಯುವ ಸಂಖ್ಯೆ, ಅದರ ಸುತ್ತ ಕೆಂಪು ಚೌಕ. ತರಗತಿಗೆ ವಾಪಸು ಬಂದು ಕೇಳಿದ್ದಕ್ಕೆ ಬೆಂಚಿಗೆ ಬೆಂಚೇ ಎದ್ದು ನಿಂತಿತು. "ಹಂತ ಬಿಟ್ರೆ ಮಾರ್ಕ್ಸ್ ಕಟ್ ಅಂತ ನೀವೇ ಹೇಳಿದ್ರಲ್ಲ ಮಿಸ್." ಹೌದು, ಇಪ್ಪತ್ತು ವರ್ಷದಿಂದ ಅದನ್ನೇ ಹೇಳುತ್ತ ಬಂದಿದ್ದೇನೆ. ಯಾರನ್ನು ಬೈಯಲಿ?

ಅವನ ಫೋನಿನಲ್ಲಿ ಆ ಕೆಂಪು ಚೌಕದ ಫೋಟೋ ಇದೆ. ಬಟಾಣಿಯ ಚೀಟಿಯನ್ನು ಅವನು ನೋಡಿದನೇ ಇಲ್ಲವೇ ಗೊತ್ತಿಲ್ಲ. ನೋಡಿದ್ದರೆ, ಇದು ಮಕ್ಕಳಾಟವಲ್ಲ ಎಂದು ಬಿಡಿಸಿ ತಿಳಿದುಕೊಂಡಿರುತ್ತಾನೆ. ಶನಿವಾರದ ಲೈಬ್ರರಿಯೂ ನಿಂತುಹೋಗುತ್ತದೆ.

ಜೂನ್ ೧೮, ಮಂಗಳವಾರ

ಹೊಸ ಸಂಖ್ಯೆಗಳು, ಮೊದಲಿಗಿಂತ ಉದ್ದ. ಹೊಸ ಬೋರ್ಡು. ತೆರೆಯುವ ಸಂಖ್ಯೆಯನ್ನು ಮಕ್ಕಳಿಗೂ ಹೇಳಿಲ್ಲ. ಮುನಿಸಿಕೊಂಡಿವೆ.

ಜೂನ್ ೨೦, ಗುರುವಾರ

ಬಟಾಣಿಗೆ ಫೋನ್ ಮಾಡಲು ಧೈರ್ಯವಿಲ್ಲ. ಅಮ್ಮ ಮಾಡಿದಳು. ಮಾತೆಲ್ಲ ಹವೆ, ಮಂಡಿನೋವು. "ಚೆನ್ನಾಗೇ ಇದ್ದಾಳಲ್ಲ, ನೀನ್ಯಾಕೆ ಹೀಗೆ ಸುತ್ತಾಡ್ತಿದ್ದೀಯ, ಕೂತ್ಕೋ ಒಂದ್ ಕಡೆ" ಎಂದಳು ಅಮ್ಮ. ಕೂತೆ. ಮತ್ತೆ ಎದ್ದೆ.

ಜೂನ್ ೨೨, ಶನಿವಾರ

ಬಂದಿದ್ದರು. ನಾನು ದೂರದಲ್ಲೇ ಇದ್ದೆ. ಸಂಜೆ ಲೈಬ್ರೇರಿಯನ್ ಡಬ್ಬಿ ಕೊಟ್ಟರು. ಬಟಾಣಿಯ ಚೀಟಿ ಈ ಸಲ ಎರಡೂ ಬದಿ ತುಂಬಿತ್ತು. ಬಿಡಿಸುವಷ್ಟರಲ್ಲಿ ಕತ್ತಲಾಯಿತು.

"ಕೆಲಸ ಸಿಕ್ಕಿದೆ. ಲ್ಯಾಬ್. ಒಂದನೇ ತಾರೀಕು ಸೇರಬೇಕು. ಸರ್ಟಿಫಿಕೇಟುಗಳು ಅಮ್ಮನ ಬೀರುವಿನಲ್ಲಿವೆ. ಮುಂದಿನ ಶನಿವಾರಕ್ಕೆ ಲೈಬ್ರರಿಗೆ ತಲುಪಿಸು. ನೀನು ಬರಬೇಡ, ನೀನಿದ್ದರೆ ಅವರು ಪೇಪರ್ ಬಿಟ್ಟು ಏಳುತ್ತಾರೆ. ಯಾವ ಊರು ಕೇಳಬೇಡ. ಉತ್ತರ ಬರೆದರೆ ಇದರಲ್ಲಿ." ಅದರ ಕೆಳಗೆ ಎರಡು ಸಂಖ್ಯೆಗಳು. ನಮ್ಮದಲ್ಲ. ತನ್ನದೇ ಬೀಗ ಮಾಡಿಕೊಂಡಿದ್ದಾಳೆ. ತೆರೆಯುವ ಸಂಖ್ಯೆಯನ್ನು ತಲೆಯಲ್ಲಿ ಇಟ್ಟುಕೊಂಡಿರಬೇಕು, ಬೇರೆಲ್ಲಿ ಇಟ್ಟರೂ ಅವನು ಹುಡುಕುತ್ತಾನೆ.

ಖುಷಿಯಾಗಬೇಕಿತ್ತು. ಸಿಟ್ಟು ಬಂತು. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಊರು ಕೇಳಬೇಡ ಅಂದರೆ ಏನರ್ಥ? ನಾನು ಅವಳ ಗಂಡನೇ?

ಜೂನ್ ೨೫, ಮಂಗಳವಾರ

ನಾಳೆ ಬೋರ್ಡಿಗೆ ಉತ್ತರಗಳನ್ನು ಅಂಟಿಸಬೇಕು. ಬಟಾಣಿಗೆ ಉತ್ತರ ಬರೆಯಲು ಕೂತೆ. ಮೊದಲು ಬರೆದದ್ದು ಒಂದು ಪುಟ. ಯಾವ ಊರು, ಯಾರು ಕೊಡಿಸಿದರು, ಸಂಬಳ ಎಷ್ಟು, ಎಲ್ಲಿ ಇಳಿದುಕೊಳ್ಳುತ್ತೀಯ, ಅಕ್ಕನ ಮನೆ ಇರುವಾಗ ಯಾಕೆ ಈ ಹುಚ್ಚುಸಾಹಸ. ಅದಕ್ಕೆ ಬೀಗ ಹಾಕತೊಡಗಿದೆ. ಮೂರಕ್ಷರಕ್ಕೊಂದು ಗುಣಾಕಾರ, ಒಂದು ಭಾಗಾಕಾರ. "ಯಾವ ಊರು" ಎನ್ನುವಷ್ಟರಲ್ಲೇ ಕೈ ಸೋತುಹೋಯಿತು. ಸಂಬಳದ ಮಾತು ಹೊಡೆದುಹಾಕಿದೆ. ಅಕ್ಕನ ಮನೆಯ ಮಾತು ಉದ್ದವಾಗಿತ್ತು, ಅದನ್ನೂ. ಯಾರು ಕೊಡಿಸಿದರು ಎಂಬುದು ಅವಳು ಸಿಕ್ಕಾಗ ಕೇಳಿದರಾಯಿತು. ಕೊನೆಗೆ ಉಳಿದದ್ದು: "ಲೈಬ್ರೇರಿಯನ್ ಕೈಯಲ್ಲಿ ಕವರು. ಸ್ವೆಟರೂ ಇದೆ. ಹೋಗಿ ಬಾ." ಸೋಮಾರಿತನ, ಇನ್ನೇನಲ್ಲ.

ಸರಿಯಾಗಿದೆಯೇ ಎಂದು ತೆರೆದು ನೋಡುವಂತಿಲ್ಲ. ನಾನೇ ಹಾಕಿದ ಬೀಗ, ನನಗೇ ತೆರೆಯದು. ಮೊದಲಿಂದ ಮತ್ತೆ ಹಾಕಿ ಅದೇ ಅಂಕಿ ಬರುತ್ತದೆಯೇ ನೋಡುವುದೊಂದೇ ದಾರಿ. ಹಾಕಿದೆ. ಒಂದು ಕಡೆ ಎಂಟರ ಬದಲು ಮೂರು ಬಂದಿತ್ತು. ಆ ತಪ್ಪು ಉಳಿದಿದ್ದರೆ ಅವಳು ಏನೆಂದು ಓದುತ್ತಿದ್ದಳೋ. ಮತ್ತೊಮ್ಮೆ ಹಾಕಿದೆ.

ಜೂನ್ ೨೭, ಗುರುವಾರ

ಕವರು, ಸ್ವೆಟರು ಲೈಬ್ರೇರಿಯನ್‌ಗೆ ಕೊಟ್ಟೆ. "ತಂಗಿಗೆ" ಎಂದೆ. ಅವರು ಮೇಜಿನ ಕೆಳಗೆ ಇಟ್ಟುಕೊಂಡು, "ನಿಮ್ಮ ತಂಗಿ ಯಜಮಾನ್ರು ನಿನ್ನೆ ಬಂದಿದ್ರು. ಬುಧವಾರ ಬರೋರಲ್ಲ. ಬೋರ್ಡಿನ ಉತ್ತರಗಳದ್ದೆಲ್ಲ ಫೋಟೋ ತಗೊಂಡು ಹೋದ್ರು" ಎಂದರು.

ಅವಳ ಬೀಗ ಎಷ್ಟು ಗಟ್ಟಿ ಎಂದು ನನಗೆ ಗೊತ್ತಿಲ್ಲ. ಮುರಿಯಲು ಅವನಿಗೆ ಎರಡು ದಿನ ಇದೆ.

ಜೂನ್ ೨೯, ಶನಿವಾರ

ಹೋಗಲಿಲ್ಲ. ಚಪ್ಪಲಿ ಹಾಕಿದೆ, ಬಿಚ್ಚಿದೆ. ಅಕ್ಕಿ ಆರಿಸಿದೆ, ಅದರಲ್ಲಿ ಕಲ್ಲೇ ಇರಲಿಲ್ಲ. ಅಮ್ಮ ನನ್ನನ್ನೇ ನೋಡುತ್ತಿದ್ದಳು.

ಈಗ ಸಂಜೆ. ಎಲ್ಲಿಂದಲೂ ಫೋನಿಲ್ಲ.

ಜೂನ್ ೩೦, ಭಾನುವಾರ

ಬೆಳಿಗ್ಗೆ ಆಡಿಟರು ಬಂದ. ಕ್ಷೌರ ಮಾಡಿಕೊಂಡಿರಲಿಲ್ಲ. ಅವನನ್ನು ಹಾಗೆ ನೋಡಿದ್ದು ಇದೇ ಮೊದಲು. ನಿನ್ನೆ ಪೇಪರು ಓದಿ ಹೊರಬಂದರೆ ಹಾಲಿನಲ್ಲಿ ಅವಳಿರಲಿಲ್ಲವಂತೆ. ಫೋನು ಪುಸ್ತಕದ ಕಪಾಟಿನ ಮೇಲಿತ್ತಂತೆ. ಅಮ್ಮ ನೀರು ಕೊಟ್ಟಳು. ಲೋಟ ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

"ಎಲ್ಲಿದ್ದಾಳೆ ಅಕ್ಕ?"

"ನಂಗೊತ್ತಿಲ್ಲ."

"ನಿಮಗೆ ಗೊತ್ತಿಲ್ದೆ ಅವಳು ಒಂದು ಹೆಜ್ಜೆ ಇಡಲ್ಲ."

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದೆ. ಆ ಮಾತು ಬಾಯಿಗೆ ಹೇಗೆ ಬಂತೋ.

ನನ್ನ ಫೋನು ಕೇಳಿದ. ಕೊಟ್ಟೆ. ಒಂದೊಂದೇ ನೋಡಿದ, ಕೆಲಸದಲ್ಲಿ ಹೇಗೆ ನೋಡುತ್ತಾನೋ ಹಾಗೆ, ಹುಬ್ಬು ಗಂಟಿಕ್ಕಿ. ಏನೂ ಸಿಗಲಿಲ್ಲ. ಆಮೇಲೆ ತನ್ನ ಫೋನು ತೆರೆದು ಬೋರ್ಡಿನ ಫೋಟೋ ಹಿಡಿದ.

"ಇವುಗಳಲ್ಲಿ ಒಂದು ಅವಳಿಗೆ ಬರೆದದ್ದು. ಯಾವುದು ಅಂತಾನೂ ಗೊತ್ತು, ಇದು. ಉಳಿದದ್ದೆಲ್ಲ ಬಿಡಿಸಿದ ಮಾತಲ್ಲೇ ಇವೆ. ಕೆಂಪು ಚೌಕದಲ್ಲಿದ್ದ ಸಂಖ್ಯೆ ಹಾಕಿ ನೋಡ್ದೆ, ಬರ್ತಿಲ್ಲ. ನೀವು ಬಿಡಿಸಿ."

"ನನಗೇ ಬಿಡಿಸೋಕೆ ಬರಲ್ಲ."

"ನೀವೇ ತಾನೆ ಬರೆದಿದ್ದು?"

"ಬರೆದಿದ್ದು ನಾನೇ. ಬೀಗ ಅವಳದು. ಸರ್ಟಿಫಿಕೇಟ್ ಎಲ್ಲಿಟ್ಟಿದ್ದೀನಿ, ಹೋಗಿ ಬಾ ಅಂತ ಬರೆದೆ. ಊರು ಕೇಳಿಲ್ಲ, ಅವಳು ಹೇಳಿಲ್ಲ. ನನ್ನ ತಲೆ ಮೇಲೆ ಹೊಡೆದು ಕೇಳಿದ್ರೂ ಇಷ್ಟೇ."

ಅವನು ನನ್ನ ಮುಖ ನೋಡಿದ. ಸುಳ್ಳು ಹಿಡಿಯುವುದು ಅವನ ಕಸುಬು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಅವನ ಹೆಗಲು ಇಳಿದುಹೋಯಿತು.

"ನಾನೇನು ಕಡಿಮೆ ಮಾಡಿದ್ದೆ ಅಕ್ಕ ಅವಳಿಗೆ? ಎಲ್ಲಾ ನಾನೇ ನೋಡ್ಕೊಳ್ತಿದ್ನಲ್ಲ."

ಅವನ ಅಳುಮುಖ ನೋಡಿ ಕನಿಕರವಾಯಿತು, ಕನಿಕರವಾದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅವನು ಹೋದ ಮೇಲೆ ಅಮ್ಮ ನನ್ನ ಕೈ ಹಿಡಿದು, "ನಿಜವಾಗ್ಲೂ ಗೊತ್ತಿಲ್ವೇನೇ?" ಎಂದಳು. ಇಲ್ಲಮ್ಮ ಎಂದೆ. ಆಗ ಇಬ್ಬರಿಗೂ ಅಳು ಬಂತು.

ಜುಲೈ ೨, ಮಂಗಳವಾರ

ನಿನ್ನೆ ಕೆಲಸಕ್ಕೆ ಸೇರಿರಬೇಕು. ಸೇರಿದಳೋ ಇಲ್ಲವೋ.

ಜುಲೈ ೩, ಬುಧವಾರ

ಬಸ್ಸು ಸಿಕ್ಕಿತೋ ಇಲ್ಲವೋ. ಸ್ವೆಟರು ಸಾಲುತ್ತದೋ ಇಲ್ಲವೋ. ಮೈ ಪರಚಿಕೊಳ್ಳುವಂತಾಗುತ್ತಿದೆ. ಲೈಬ್ರೇರಿಯನ್‌ರನ್ನು ಕೇಳಿದರೆ ಯಾವ ಊರೆಂದು ಹೇಳಿಯಾರು, ಶನಿವಾರಗಳಲ್ಲಿ ಅವಳು ಅಲ್ಲಿನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು ಎಂದು ಬಾಯ್ತಪ್ಪಿ ಅಂದಿದ್ದರು, ಕೆಲಸ ಹುಡುಕಿದ್ದು ಅಲ್ಲೇ ಇರಬೇಕು. ಅವರ ಮೇಜಿನ ಮುಂದೆ ಹೋಗಿ ನಿಂತೆ. "ಏನು ಮಿಸ್?" ಎಂದರು. ಬೋರ್ಡಿಗೆ ಗುಂಡುಪಿನ್ ಬೇಕಿತ್ತು ಎಂದು ಇಸಿದುಕೊಂಡು ಬಂದೆ.

ಜುಲೈ ೫, ಶುಕ್ರವಾರ

ಕಂಪ್ಯೂಟರ್ ಮೇಡಂಗೆ ಹೆಣ್ಣುಮಗು. ಪಾಠದ ಮೇಲೆ ಟೆಸ್ಟ್ ಕೊಟ್ಟೆ. ಎರಡು ಕೀಲಿಯ ಪದ್ಧತಿಯ ತೊಂದರೆ ಏನು ಎಂಬ ಪ್ರಶ್ನೆಗೆ ಮುಂದಿನ ಬೆಂಚಿನವಳು ಬರೆದಿದ್ದಾಳೆ: "ಕಳಿಸಿದವರು ಕಾಯಬೇಕು." ಪುಸ್ತಕದ ಉತ್ತರ ಅದಲ್ಲ. ಪೂರ್ತಿ ಮಾರ್ಕ್ಸ್ ಕೊಟ್ಟೆ, ಹಂತಗಳಿಲ್ಲದಿದ್ದರೂ.

ಜುಲೈ ೮, ಸೋಮವಾರ

ಮಧ್ಯಾಹ್ನ ಊಟದ ವೇಳೆಗೆ ಗುರುತಿಲ್ಲದ ನಂಬರಿನಿಂದ ಮೆಸೇಜು. ಬರೀ ಅಂಕಿಗಳು, ಸಾಲು ಸಾಲು. ಬುತ್ತಿ ಮುಚ್ಚಿಟ್ಟು ಖಾಲಿ ತರಗತಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನಮ್ಮ ಹೊಸ ಬೋರ್ಡಿನ ಬೀಗದಲ್ಲೇ ಕಳಿಸಿದ್ದಳು. ಬೋರ್ಡು ಹೋದ ವಾರದ ಕೊನೆಗೆ ಕೆಳಗಿಳಿದರೂ ಸಂಖ್ಯೆಗಳನ್ನು ಮರೆತಿಲ್ಲ. ಗುಣಿಸಿದೆ, ಭಾಗಿಸಿದೆ, ಶೇಷ ಬರೆದೆ. ಅವಸರಕ್ಕೆ ತಪ್ಪಾಗಿ ಎರಡು ಸಲ ಮತ್ತೆ ಮೊದಲಿಂದ ಮಾಡಿದೆ. ಬೆಲ್ಲು ಹೊಡೆದದ್ದು ಕೇಳಿಸಲಿಲ್ಲ.

ಸೇರಿದ್ದಾಳೆ. ಲ್ಯಾಬಿನಲ್ಲಿ ಇನ್ನೂ ಮೂವರು ಹೆಂಗಸರಿದ್ದಾರೆ. ಕೋಣೆಗೆ ಕಿಟಕಿಯಿದೆ. ಸ್ವೆಟರು ಬೇಕಾಯಿತು. ಮೊದಲ ದಿನ ಸೂಜಿ ಹಿಡಿದಾಗ ಕೈ ನಡುಗಿತಂತೆ, ಎರಡನೇ ದಿನ ಇಲ್ಲ.

ಮನೆಗೆ ಬಂದು ಅಮ್ಮನಿಗೆ ಇಷ್ಟನ್ನು ಹೇಳಿದೆ. ಅಮ್ಮ ಕಣ್ಣೊರೆಸಿಕೊಂಡು, "ಯಾವೂರಂತೆ?" ಎಂದಳು.

"ಅವಳೇ ಹೇಳ್ತಾಳಮ್ಮ. ಫೋನ್ ಮಾಡ್ತಾಳಂತೆ."

ಮೆಸೇಜಿನ ಕೊನೆಯಲ್ಲಿ ಊರಿನ ಹೆಸರಿತ್ತು. ನಾನು ಕೇಳಿರಲಿಲ್ಲ, ಅವಳಾಗಿಯೇ ಬರೆದಿದ್ದಳು. ಲೆಕ್ಕ ಮಾಡಿದ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ.